ಊಟವಾದ ಮೇಲೆ ‘ದಿವ್ಯಾ’

ಹೊರನಾಡಿಗೆ ಬಂದವರಿಗೆ ಅಲ್ಲಿನ ಭಾಷೆ ಮೊದಲು ಒದಗುವುದು ತರಕಾರಿ ಗಾಡಿಯ ಬಳಿ. ಪುಸ್ತಕಕ್ಕೆ ಏರುವುದು ಬಹಳ ತಡವಾಗಿ. ದಿಲ್ಲಿಯಲ್ಲಿ ಇಷ್ಟು ವರ್ಷ ಕಳೆದ ಮೇಲೆ, ಈ ಚಳಿಗಾಲದಲ್ಲಿ ನಾವು ಮನೆಮಂದಿಯೆಲ್ಲ ಕೂಡಿ ಒಂದು ಹಿಂದೀ ಕಾದಂಬರಿಯನ್ನು ಓದಿ ಮುಗಿಸಿದೆವು. ಯಶಪಾಲರ ‘ದಿವ್ಯಾ’, 1945ರದು. ಊಟವಾದ ಮೇಲೆ ಒಬ್ಬರು ಓದುವುದು, ಮಿಕ್ಕವರು ಕೇಳುವುದು. ಸಂಸ್ಕೃತ ಪದಗಳು ಧಾರಾಳವಾಗಿರುವುದರಿಂದ ಇದರ ಹಿಂದಿ ನಮಗೆ ಅಂಗಡಿಯ ಹಿಂದಿಗಿಂತ ಸುಲಭವೆಂದೇ ಹೇಳಬೇಕು! ಅಜ್ಜಿಯವರಿಗೂ ಅರ್ಧಕ್ಕರ್ಧ ತಿಳಿಯಿತು. ಉಳಿದದ್ದನ್ನು ಮೊಮ್ಮಗಳು ಕನ್ನಡದಲ್ಲಿ ಹೇಳಿದಳು.

ಯಶಪಾಲರು (1903–1976) ಭಗತ್ ಸಿಂಗರ ಕ್ರಾಂತಿಕಾರಿ ಬಳಗದವರು. 1932ರಲ್ಲಿ ಸೆರೆಯಾಗಿ 1938ರಲ್ಲಿ ಹೊರಬಂದರು. ನಡುವೆ 1936ರಲ್ಲಿ, ಬರೇಲಿಯ ಜೈಲಿನೊಳಗೇ, ಪ್ರಕಾಶವತಿಯವರನ್ನು ಮದುವೆಯಾದರು. ಇಂಥವರು ಬರೆದ ಪ್ರೇಮಕಥೆಯಲ್ಲಿ ರಾಜಕೀಯ ಬಾರದಿರುತ್ತದೆಯೇ?

ಕಥೆ ನಡೆಯುವುದು ಎರಡು ಸಾವಿರ ವರ್ಷಗಳ ಹಿಂದಿನ ಸಾಗಲದಲ್ಲಿ, ಎಂದರೆ ಇಂದಿನ ಸಿಯಾಲಕೋಟ. ಬ್ರಾಹ್ಮಣ ಧರ್ಮಾಧಿಕಾರಿಯ ಮನೆಯ ದಿವ್ಯಾ, ದಾಸ್ಯದಿಂದ ಮೇಲೆದ್ದು ಸಿರಿವಂತನಾದವನ ಮಗ ಪೃಥುಸೇನನಿಗೆ ಒಲಿಯುತ್ತಾಳೆ. ಅವನು ಯುದ್ಧ ಗೆದ್ದು ಬರುತ್ತಾನೆ. ಬಂದವನು ತಂದೆಯ ಮಾತಿಗೆ ಸೋತು ದೊಡ್ಡಮನೆತನದ ಹುಡುಗಿಯನ್ನು ವರಿಸುತ್ತಾನೆ. ತುಂಬಿದ ಬಸುರಿ ದಿವ್ಯಾ ಮನೆ ಬಿಟ್ಟು, ಕೈಯಿಂದ ಕೈಗೆ ಮಾರಾಟವಾಗಿ, ಮಥುರೆಯ ಪುರೋಹಿತನ ಮನೆಗೆ ಹಾಲೂಡುವ ದಾಸಿಯಾಗಿ ಸೇರುತ್ತಾಳೆ. ಒಡೆಯನ ಮಗುವಿಗೆ ಹಾಲು. ಅವಳ ಹೊಟ್ಟೆಯ ಕೂಸಿಗೆ ಹಸಿವು. ಓಡಿಹೋಗಿ ಬೌದ್ಧ ವಿಹಾರದ ಬಾಗಿಲು ತಟ್ಟಿದರೆ, ಒಡೆಯನ ಅನುಮತಿಯಿಲ್ಲದ ದಾಸಿಗೆ ಆಶ್ರಯವಿಲ್ಲ ಎನ್ನುತ್ತಾರೆ. ಅಂಬಪಾಲಿಗೆ ಬುದ್ಧನೇ ಶರಣು ಕೊಡಲಿಲ್ಲವೇ ಎಂದರೆ, ವೇಶ್ಯೆ ಸ್ವತಂತ್ರಳು ಎಂಬ ಉತ್ತರ!

ನಮ್ಮ ಮನೆಯ ಪುಟ್ಟ ಮಗುವನ್ನು ನೋಡಿಕೊಳ್ಳುವ ಝಾರ್ಖಂಡದ ಹೆಂಗಸು ಬಾಗಿಲ ಬಳಿ ಕುಳಿತು ಕೇಳುತ್ತಿದ್ದಳು. ಅವಳದೂ ಒಂದು ಕೂಸು ಊರಿನಲ್ಲಿ ಅತ್ತೆಯ ಬಳಿ ಇದೆ. ಆ ರಾತ್ರಿ ಮುಂದೆ ಓದಲು ಯಾರಿಗೂ ದನಿ ಏಳಲಿಲ್ಲ. ಮರುದಿನ ಬೆಳಿಗ್ಗೆ ಅವಳೇ ಕೇಳಿದಳು: “ಆ ಮಗು ಉಳಿಯಿತೇ?” ದಿವ್ಯಾ ಕೂಸಿನೊಡನೆ ಯಮುನೆಗೆ ಹಾರಿದಳು, ತಾಯಿ ಮಾತ್ರ ಉಳಿದಳು ಎಂದೆವು. ಅವಳು ಏನೂ ಹೇಳದೆ ಬಟ್ಟೆ ಮಡಚತೊಡಗಿದಳು.

ಕೊನೆಯಲ್ಲಿ ದಿವ್ಯಾಳ ಮುಂದೆ ಮೂವರು ನಿಲ್ಲುತ್ತಾರೆ. ಒಬ್ಬ ಮಹಾದೇವಿಯ ಪದವಿ ಕೊಡುತ್ತೇನೆನ್ನುತ್ತಾನೆ. ಭಿಕ್ಷುವಾದ ಪೃಥುಸೇನ ಧರ್ಮದ ಶರಣು ತೋರುತ್ತಾನೆ. ಶಿಲ್ಪಿ ಮಾರಿಶ, ಚಾರ್ವಾಕ ಮತದವನು, ತನ್ನ ಸುಖದುಃಖಗಳನ್ನು ಹಂಚಿಕೊಳ್ಳುವುದಷ್ಟೇ ತನ್ನಿಂದ ಸಾಧ್ಯ ಎನ್ನುತ್ತಾನೆ. ಅವಳು ಅವನ ಕಡೆ ಕೈಚಾಚುತ್ತಾಳೆ. ಈ ಮಾರಿಶನ ಭಾಷಣಗಳು ಅಲ್ಲಲ್ಲಿ ಉದ್ದವಾದವೆಂದು ನಮ್ಮ ಅಭಿಪ್ರಾಯ.

“ಕಲ್ಲು ಕೆತ್ತಿ ಸಂಸಾರ ಸಾಗೀತೇ?” ಎಂದರು ಅಜ್ಜಿ.

“ಅವಳಿಗೆ ನೃತ್ಯ ಬರುತ್ತದಲ್ಲ ಅಜ್ಜಿ, ಇಬ್ಬರೂ ದುಡಿಯುತ್ತಾರೆ,” ಎಂದಳು ಮೊಮ್ಮಗಳು. ಅವಳಿಗೆ ಈಗ ವರ ನೋಡುತ್ತಿದ್ದಾರೆ. ಆದ್ದರಿಂದ ವಾದ ಅಷ್ಟಕ್ಕೇ ನಿಲ್ಲಲಿಲ್ಲ, ಇನ್ನೂ ನಡೆದಿದೆ. ಪುಸ್ತಕವೇನೋ ಈಗ ಪಕ್ಕದ ಬೀದಿಯ ಧಾರವಾಡದವರ ಮನೆಯಲ್ಲಿದೆ. ಅವರದಾದ ಮೇಲೆ ಬೇಕಾದವರು ಕೇಳಿ ಪಡೆಯಬಹುದು.