ಬ್ರೆಡ್ಡು ಹಾಡಿದ ಬೆಳಿಗ್ಗೆ

"ಏನೇ ಅದು, ಚಟಚಟ ಅಂತಿದೆ?" ಎಂದು ಅಮ್ಮ ದೇವರ ಮನೆಯಿಂದಲೇ ಕೇಳಿದಳು. ಆಗಷ್ಟೇ ಓವನ್ನಿನಿಂದ ತೆಗೆದು ಜಾಲರಿಯ ಮೇಲಿಟ್ಟಿದ್ದ ಫ್ರೆಂಚ್ ಬ್ರೆಡ್ಡಿನ ಸದ್ದು ಅದು. ಹೊರಗಿನ ಗಟ್ಟಿ ಪದರ ಬೇಗ ಆರಿ ಬಿಗಿಯುತ್ತದೆ, ಒಳಗಿನ ತಿರುಳು ಇನ್ನೂ ಕುದಿಬಿಸಿ. ಆ ಎಳೆದಾಟಕ್ಕೆ ಮೇಲೆಲ್ಲ ಕೂದಲೆಳೆಯಂಥ ಬಿರುಕು ಏಳುತ್ತದೆ. ಫ್ರಾನ್ಸಿನ ಬೇಕರಿಯವರು ಇದಕ್ಕೆ ಬ್ರೆಡ್ಡು ಹಾಡುತ್ತಿದೆ ಅನ್ನುತ್ತಾರೆ. ಅಮ್ಮನೂ ಬಂದು ಬಗ್ಗಿ ಕಿವಿಗೊಟ್ಟಳು.

ಅದರೊಳಗೆ ಇರುವುದು ನಾಲ್ಕೇ ಸಾಮಾನು: ಹಿಟ್ಟು, ನೀರು, ಉಪ್ಪು, ಯೀಸ್ಟ್. 1993ರಲ್ಲಿ ಫ್ರಾನ್ಸ್ ಸರ್ಕಾರ ಹೊರಡಿಸಿದ ಆದೇಶದಂತೆ, 'ಫ್ರೆಂಚ್ ಸಂಪ್ರದಾಯದ ಬ್ರೆಡ್ಡು' ಎಂದು ಮಾರುವುದಾದರೆ ಅದನ್ನು ಫ್ರೀಜರಿನಲ್ಲಿ ಇಟ್ಟಿರಬಾರದು, ರಾಸಾಯನಿಕ ಬೆರೆಸಿರಬಾರದು. ನಾನು ಅರ್ಧ ಕಿಲೋ ಮೈದಾಗೆ 330 ಮಿಲಿ ನೀರು, 10 ಗ್ರಾಂ ಉಪ್ಪು, ಅರ್ಧ ಚಮಚಕ್ಕೂ ಕಡಿಮೆ ಯೀಸ್ಟ್ ಹಾಕುತ್ತೇನೆ. ಮೊದಲು ಹಿಟ್ಟು ನೀರು ಎರಡನ್ನೇ ಕಲಸಿ ಅರ್ಧ ಗಂಟೆ ಸುಮ್ಮನೆ ಬಿಡಬೇಕು. ಇದು ರೇಮಂಡ್ ಕಾಲ್ವೆಲ್ ಎಂಬ ಫ್ರೆಂಚ್ ಮೇಷ್ಟ್ರು ಹೇಳಿಕೊಟ್ಟ ಉಪಾಯ. ಹೋಳಿಗೆಯ ಕಣಕವನ್ನು ನೆನೆಯಲು ಬಿಟ್ಟ ಹಾಗೆ, ನಾದುವ ಕೆಲಸ ಅರ್ಧಕ್ಕರ್ಧ ತಾನಾಗಿ ಆಗಿಬಿಡುತ್ತದೆ. ಆಮೇಲೆ ಉಳಿದದ್ದು ಸೇರಿಸಿ ನಾದಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ರುಚಿ ತುಂಬಿಕೊಳ್ಳುತ್ತದೆ. ದೋಸೆಹಿಟ್ಟು ಕಾದ ಮನೆಯವರಿಗೆ ಈ ಕಾಯುವಿಕೆ ಹೊಸದಲ್ಲ.

ನನಗೆ ಬಹಳ ದಿನ ಕೈಗೆ ಹತ್ತದಿದ್ದದ್ದು ಹೊರಪದರ. ಬ್ರೆಡ್ಡು ಉಬ್ಬುತ್ತಿತ್ತು, ಬೇಯುತ್ತಿತ್ತು, ಆದರೆ ಮೈ ಮಾತ್ರ ಮಂಕು, ಸುಣ್ಣ ಬಳಿದ ಗೋಡೆಯಂತೆ. ಗರಿಗರಿ ಬೇಕಾದರೆ ಒಲೆ ಒಣಗಿರಬೇಕು ಎಂದುಕೊಂಡಿದ್ದೆ. ಅದು ತಪ್ಪು. ಗರಿಗರಿ ಹುಟ್ಟುವುದು ಹಬೆಯಿಂದ. ಮೊದಲ ಹತ್ತು ನಿಮಿಷ ಹಬೆಯಿದ್ದರೆ ಹಿಟ್ಟಿನ ಮೈ ಮೆತ್ತಗೇ ಉಳಿದು, ಒಳಗಿನ ಗಾಳಿ ಹಿಗ್ಗಿದಷ್ಟೂ ತಾನೂ ಹಿಗ್ಗುತ್ತದೆ. ಮೇಲಿನ ಪಿಷ್ಟ ಗಂಜಿಯಂತಾಗಿ, ಆಮೇಲೆ ಒಣ ಶಾಖಕ್ಕೆ ಹೊಳೆಯುವ ಗಾಜಿನಂತೆ ಗಟ್ಟಿಯಾಗುತ್ತದೆ. ಬೇಕರಿಯ ಓವನ್ನಿನಲ್ಲಿ ಹಬೆ ಬಿಡಲು ಏರ್ಪಾಡೇ ಇರುತ್ತದೆ. ಮನೆಯಲ್ಲಿ ಏನು ಮಾಡುವುದು? ಕಾಲ್ವೆಲ್ ಅವರಿಂದ ಕಲಿತ ಅಮೆರಿಕದ ಜೂಲಿಯಾ ಚೈಲ್ಡ್, 1970ರ ತಮ್ಮ ಅಡುಗೆ ಪುಸ್ತಕದಲ್ಲಿ ಕಾದ ಕಲ್ಲನ್ನು ನೀರಿನ ತಟ್ಟೆಗೆ ಇಳಿಸುವ ದಾರಿ ತೋರಿಸಿದರು. ಅದನ್ನು ಓದಿದಾಗ ನನ್ನ ಕಣ್ಣು ಹೋದದ್ದು ಗೂಟಕ್ಕೆ ತೂಗುಹಾಕಿದ್ದ ಅಜ್ಜಿಯ ಕಬ್ಬಿಣದ ಕಾವಲಿಯತ್ತ.

ಈಗ ಆ ಕಾವಲಿ ಓವನ್ನಿನ ತಳದಲ್ಲಿ ಬ್ರೆಡ್ಡಿಗಿಂತ ಮುಂಚೆ ಅರ್ಧ ಗಂಟೆ ಕಾಯುತ್ತದೆ. ಬ್ಲೇಡಿನಿಂದ ಓರೆಯಾಗಿ ಗೀರಿದ ಹಿಟ್ಟನ್ನು 240 ಡಿಗ್ರಿಯ ಶಾಖಕ್ಕೆ ತಳ್ಳಿ, ಕಾವಲಿಗೆ ಒಂದು ಲೋಟ ಕುದಿನೀರು ಸುರಿದು, ತಟ್ಟನೆ ಬಾಗಿಲು ಹಾಕುತ್ತೇನೆ. ಸುರಿಯುವಾಗ ಬಾಗಿಲ ಗಾಜಿನ ಮೇಲೆ ದಪ್ಪ ಬಟ್ಟೆ ಹಾಸಿರಬೇಕು, ಹನಿ ತಾಗಿದರೆ ಗಾಜು ಸೀಳೀತು. ಮುಖವನ್ನೂ ದೂರವಿಡಬೇಕು. ಹತ್ತು ನಿಮಿಷಕ್ಕೆ ಹಬೆ ಹೊರಬಿಟ್ಟು, ಇನ್ನೊಂದು ಹದಿನೈದು ನಿಮಿಷ ಕೆಂಪೇರುವ ತನಕ ಬೇಯಿಸಿದರೆ ಆಯಿತು. ಗೀರಿದ ಜಾಗ ಅರಳಿ ಅಂಚು ಎದ್ದು ನಿಂತಿರುತ್ತದೆ.

ಆದರೆ ಈ ಗರಿಗರಿಗೆ ಆಯುಸ್ಸು ಕಡಿಮೆ. ಒಳಗಿನ ತೇವ ಮೆಲ್ಲಗೆ ಹೊರಪದರಕ್ಕೆ ಹಬ್ಬುತ್ತದೆ, ಮಳೆಗಾಲದಲ್ಲಂತೂ ಸಂಜೆಗೇ ಮೆತ್ತಗೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಇನ್ನೂ ಬೇಗ. ಹಾಗಾಗಿ ಮಾಡುವವರಿಗೆ ನನ್ನದೊಂದು ಕೋರಿಕೆ: ಹಾಡು ನಿಲ್ಲುವ ತನಕ ಚಾಕು ಮುಟ್ಟಿಸಬೇಡಿ, ನಿಂತ ಮೇಲೆ ನಾಳೆಗೆಂದು ಎತ್ತಿಡಬೇಡಿ. ಪಕ್ಕದ ಮನೆಗೂ ಅರ್ಧ ಕೊಟ್ಟು ಅದೇ ದಿನ ಮುಗಿಸಿ.