ಉಪ್ಪುಗಾಳಿಯ ಊರಿನಲ್ಲಿ ಮುದಿ ಕ್ಯಾಡಿಲಾಕ್‌ಗಳು

ಕ್ಯೂಬಾದ ರಾಜಧಾನಿ ಹವಾನಾಕ್ಕೆ ಉತ್ತರದಲ್ಲಿ ಸಮುದ್ರ. ದಂಡೆಯುದ್ದಕ್ಕೂ ಸುಮಾರು 8 ಕಿಲೋಮೀಟರ್ ತಡೆಗೋಡೆ, ಅದಕ್ಕೆ ಅಂಟಿಕೊಂಡೇ ಅಗಲವಾದ ರಸ್ತೆ. ಮಾಲೆಕಾನ್ ಎಂದು ಅದರ ಹೆಸರು. ಚಳಿಗಾಲದಲ್ಲಿ ಉತ್ತರದ ಗಾಳಿ ಎದ್ದರೆ ಅಲೆಗಳು ಗೋಡೆ ಹಾರಿ ರಸ್ತೆಗೇ ಸುರಿಯುತ್ತವೆ. ಆ ತುಂತುರಿನ ನಡುವೆ ಗುಲಾಬಿ, ತಿಳಿನೀಲಿ, ಹಳದಿ ಬಣ್ಣದ ಭಾರೀ ಕಾರುಗಳು ತೇಲಿದಂತೆ ಸಾಗುತ್ತವೆ. ಕ್ಯಾಡಿಲಾಕ್, ಬ್ಯೂಕ್, ಓಲ್ಡ್ಸ್‌ಮೊಬೈಲ್, ಷೆವರ್ಲೆ. ಹಿಂದೆ ಮೀನಿನ ರೆಕ್ಕೆ, ಮುಂದೆ ಹೊಳೆಯುವ ಕ್ರೋಮಿಯಂ. ವಯಸ್ಸು ಎಪ್ಪತ್ತರ ಆಚೀಚೆ.

ಅಮೆರಿಕದ ತೀರ ಇಲ್ಲಿಂದ ಸುಮಾರು 170 ಕಿಲೋಮೀಟರ್ ಅಷ್ಟೇ. 1959ರ ಕ್ರಾಂತಿಗೆ ಮೊದಲು ಹವಾನಾದ ಸಿರಿವಂತರು ಅಲ್ಲಿನ ಹೊಸ ಕಾರುಗಳನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು. ಕ್ರಾಂತಿಯ ಬಳಿಕ ಎರಡೂ ದೇಶಗಳ ಸಂಬಂಧ ಕೆಟ್ಟಿತು. 1960ರಲ್ಲಿ ಶುರುವಾದ ಅಮೆರಿಕದ ವ್ಯಾಪಾರ ನಿರ್ಬಂಧ 1962ರ ಫೆಬ್ರುವರಿಯಲ್ಲಿ ಪೂರ್ಣಗೊಂಡಿತು. ಕಾರು ಹೋಗಲಿ, ಒಂದು ಸ್ಪಾರ್ಕ್ ಪ್ಲಗ್ಗು ಕೂಡ ನೇರವಾಗಿ ಬರುವಂತಿರಲಿಲ್ಲ. ದೇಶದೊಳಗಿನ ಕಾನೂನೂ ಬಿಗಿಯಾಗಿತ್ತು. 2011ರವರೆಗೆ ಜನಸಾಮಾನ್ಯರು ಮುಕ್ತವಾಗಿ ಕೊಂಡು ಮಾರಬಹುದಾಗಿದ್ದದ್ದು ಕ್ರಾಂತಿಗಿಂತ ಹಿಂದಿನ ಕಾರುಗಳನ್ನು ಮಾತ್ರ. ಹಾಗಾಗಿ ಅಜ್ಜನ ಕಾರು ಅಪ್ಪನಿಗೆ, ಅಪ್ಪನ ಕಾರು ಮಗನಿಗೆ ಬಂತು. ದಪ್ಪ ಬಾದಾಮಿಯಂಥ ಆಕಾರದಿಂದಾಗಿ ಜನ ಇವನ್ನು ಅಲ್ಮೆಂದ್ರೋನ್ ಎನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ‘ದೊಡ್ಡ ಬಾದಾಮಿ’ ಎಂದರ್ಥ.

ಕಾರು ಎಷ್ಟು ಐಷಾರಾಮಿಯೋ ಅದನ್ನು ಸಾಕುವುದು ಅಷ್ಟು ಕಷ್ಟ. 1956ರ ಒಂದು ಕ್ಯಾಡಿಲಾಕ್ ತೆಗೆದುಕೊಳ್ಳಿ. ಎಂಟು ಸಿಲಿಂಡರಿನ, ಸುಮಾರು 6 ಲೀಟರ್ ಗಾತ್ರದ ಇಂಜಿನ್ನು. ಗೇರು ತಾನಾಗಿಯೇ ಬದಲಾಗುತ್ತದೆ. ಸ್ಟೀರಿಂಗ್ ತಿರುಗಿಸಲು ತೈಲದ ಒತ್ತಡದ ನೆರವಿದೆ. ಗಾಜು ಏರಿಳಿಸಲು ವಿದ್ಯುತ್ ಮೋಟಾರು. ಬಿಡಿಭಾಗ ಸಿಗದ ಊರಿನಲ್ಲಿ ಮೊದಲು ಸಾಯುವುದು ಈ ಸುಖಸಾಧನಗಳೇ. ಕಿಟಕಿಗೆ ಕೈಹಿಡಿ ಬರುತ್ತದೆ, ಸ್ವಯಂಚಾಲಿತ ಗೇರುಪೆಟ್ಟಿಗೆ ಹೋಗಿ ಬೇರಾವುದೋ ವಾಹನದ ಸಾಮಾನ್ಯ ಗೇರುಪೆಟ್ಟಿಗೆ ಕೂರುತ್ತದೆ. ಕೊನೆಗೆ ಇಂಜಿನ್ನೇ ಹೋಗುತ್ತದೆ.

ಹೋದ ಇಂಜಿನ್ನಿನ ಜಾಗಕ್ಕೆ ಬರುವುದು ರಷ್ಯಾದ್ದೋ ಜಪಾನಿನದ್ದೋ ಕೊರಿಯಾದ್ದೋ ಆದ ನಾಲ್ಕು ಸಿಲಿಂಡರಿನ ಇಂಜಿನ್ನು, ಬಹಳ ಸಲ ಡೀಸೆಲ್‌ನದು. ಎತ್ತಿ ಇಟ್ಟರೆ ಮುಗಿಯಿತೇ? ಅದನ್ನು ಹೊರುವ ಆಸರೆ ಹೊಸದಾಗಿ ಬೆಸೆಯಬೇಕು. ಹಿಂಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ದಂಡವನ್ನು ಅಳತೆಗೆ ಕತ್ತರಿಸಿ ಕೂಡಿಸಬೇಕು. ಕೂಡಿಸಿದ್ದು ಕೂದಲೆಳೆಯಷ್ಟು ಓರೆಯಾದರೂ ವೇಗ ಏರಿದಾಗ ಇಡೀ ಗಾಡಿ ನಡುಗುತ್ತದೆ. ಇನ್ನೊಂದು ಪೇಚು ನಟ್ಟು ಬೋಲ್ಟಿನದು. ಅಮೆರಿಕದ ದೇಹಕ್ಕೆ ಅಂಗುಲದ ಲೆಕ್ಕ, ರಷ್ಯಾದ ಇಂಜಿನ್ನಿಗೆ ಮಿಲಿಮೀಟರಿನ ಲೆಕ್ಕ. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಸ್ಪ್ಯಾನರು ಹಾಕಿದರೆ 0.3 ಮಿಲಿಮೀಟರ್ ಸಡಿಲ. ಸಣ್ಣದು ಅನ್ನಿಸಬಹುದು. ಆದರೆ ತುಕ್ಕು ಹಿಡಿದ ಬೋಲ್ಟಿನ ಮೂಲೆಗಳು ಸವೆದು ಉರುಟಾಗಲು ಅಷ್ಟು ಸಾಕು. ಒಂದೇ ಕಾರಿಗೆ ಎರಡು ಜೊತೆ ಸ್ಪ್ಯಾನರು ಬೇಕಾಗುವುದು ಹೀಗೆ.

ಬೇರೆ ದೇಶಗಳ ಹಳೆಕಾರು ಸಂಗ್ರಾಹಕರು ಇದನ್ನು ಕಂಡು ಮೂಗು ಮುರಿಯುತ್ತಾರೆ. ಮೂಲ ಇಂಜಿನ್ನು ಇಲ್ಲದ ಕ್ಯಾಡಿಲಾಕ್‌ಗೆ ಅವರ ಸಂತೆಯಲ್ಲಿ ಬೆಲೆ ಕಡಿಮೆ. ಅವರ ಕಾರು ವರ್ಷಕ್ಕೆರಡು ಬಾರಿ ಹೊದಿಕೆ ಸರಿಸಿಕೊಂಡು ಹೊರಬರುತ್ತದೆ. ಹವಾನಾದ್ದು ದಿನವೂ ದುಡಿಯಬೇಕು. ಗೊತ್ತಾದ ದಾರಿಯಲ್ಲಿ ಆರೇಳು ಜನರನ್ನು ತುಂಬಿಕೊಂಡು ಓಡುವ ಟ್ಯಾಕ್ಸಿ ಅದು; ಟಾಪು ತೆರೆಯುವಂಥದ್ದಾದರೆ ಕ್ಯಾಪಿಟಲ್ ಭವನದ ಬಳಿ ಪ್ರವಾಸಿಗರಿಗಾಗಿ ಸಾಲುಗಟ್ಟಿ ನಿಲ್ಲುತ್ತದೆ. ಸರ್ಕಾರಿ ಸಂಬಳಕ್ಕಿಂತ ಸ್ಟೀರಿಂಗ್ ಹೆಚ್ಚು ಕೊಡುವುದರಿಂದ ವೈದ್ಯರು, ಎಂಜಿನಿಯರುಗಳು ಕೂಡ ಓದಿದ ಕೆಲಸ ಬಿಟ್ಟು ಇದಕ್ಕೆ ಇಳಿದಿದ್ದಾರೆ. ಗಾಡಿ ಒಂದು ವಾರ ಗ್ಯಾರೇಜಿನಲ್ಲಿ ಕೂತರೆ ಆ ವಾರ ಮನೆಯ ಒಲೆಯ ಚಿಂತೆ. ಅಂಥವರಿಗೆ ಅಪ್ಪಟತನದ ಪಾಠ ಹೇಳುವುದು ಸುಲಭ.

ಇಂಜಿನ್ನನ್ನಾದರೂ ಬದಲಿಸಬಹುದು, ದೇಹವನ್ನಲ್ಲ. ಅದರ ಶತ್ರು ಆ ಚೆಂದದ ಮಾಲೆಕಾನ್ ರಸ್ತೆಯೇ. ಒಂದು ಮೊಳೆಯನ್ನು ಸಿಹಿನೀರಿನಲ್ಲೂ ಇನ್ನೊಂದನ್ನು ಉಪ್ಪುನೀರಿನಲ್ಲೂ ಇಟ್ಟು ನೋಡಿದ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಿಲ್ಲ. ತುಕ್ಕು ಹಿಡಿಯುವುದು ಒಂದು ವಿದ್ಯುತ್‌ರಾಸಾಯನಿಕ ಕ್ರಿಯೆ. ನೀರಿನಲ್ಲಿ ಕರಗಿದ ಉಪ್ಪಿನ ಅಯಾನುಗಳು ವಿದ್ಯುತ್ತಿಗೆ ದಾರಿ ಸುಗಮ ಮಾಡುತ್ತವೆ, ಕಬ್ಬಿಣ ಬೇಗ ಬೇಗ ಕರಗುತ್ತದೆ. ತುಕ್ಕು ತಿಂದ ಭಾಗ ಕತ್ತರಿಸಿ, ಹೊಸ ತಗಡು ಬಡಿದು ಬೆಸೆಯುವುದು ಸರಿಯಾದ ಟಿಂಕರಿಂಗ್. ಕೈಯಲ್ಲಿ ಕಾಸಿಲ್ಲದವರು ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿಯುತ್ತಾರೆ. ಹೊರಗೆ ಗುಲಾಬಿ, ಒಳಗೆ ತೇವ ಸೇರಿ ತುಕ್ಕಿನ ಕೆಲಸ ಮುಂದುವರಿದೇ ಇರುತ್ತದೆ.

2024ರ ಮಾರ್ಚ್ 1ರಂದು ಇನ್ನೊಂದು ಪೆಟ್ಟು ಬಿತ್ತು. ಸಾಧಾರಣ ಪೆಟ್ರೋಲಿನ ದರ ಲೀಟರಿಗೆ 25 ಪೆಸೊ ಇದ್ದದ್ದು ಒಮ್ಮೆಗೇ 132 ಆಯಿತು. ಲೀಟರಿಗೆ 5 ಕಿಲೋಮೀಟರ್ ಓಡುವ ಹಳೆಯ ಎಂಟು ಸಿಲಿಂಡರಿನ ಕಾರಿಗೆ ಕಿಲೋಮೀಟರಿಗೆ 5 ಪೆಸೊ ಬೀಳುತ್ತಿದ್ದ ಖರ್ಚು 26 ದಾಟಿತು. ಸಿಲಿಂಡರು, ಪಿಸ್ಟನ್ನು ಎಲ್ಲವೂ ಕಾರ್ಖಾನೆಯಿಂದ ಬಂದಂತೆಯೇ ಉಳಿಸಿಕೊಂಡಿದ್ದವರಿಗೆ ಈ ಲೆಕ್ಕ ಎಲ್ಲರಿಗಿಂತ ಭಾರ. ಅಜ್ಜ ಕೊಂಡ ಇಂಜಿನ್ನನ್ನು ಇಳಿಸಿ ಮೂಲೆಗಿಡುವುದೋ, ಗಾಡಿಯನ್ನೇ ಮನೆ ಮುಂದೆ ನಿಲ್ಲಿಸುವುದೋ ಎಂದು ಅವರು ಯೋಚಿಸಬೇಕು. ನಿಲ್ಲಿಸಿದರೂ ಉಪ್ಪುಗಾಳಿ ಬಿಡುವುದಿಲ್ಲ. ಆಗಾಗ ಸಿಹಿನೀರಿನಲ್ಲಿ ತಳ ತೊಳೆಯುತ್ತಲೇ ಇರಬೇಕು.