ಶನಿವಾರದ ಖಾನಾವಳಿ

ಬಿ.ಎಡ್. ಕೂಡಿ ಓದಿದ ನಾವು ನಾಲ್ವರು ತಿಂಗಳಿಗೊಂದು ಶನಿವಾರ ರಾತ್ರಿ ಧಾರವಾಡದಲ್ಲಿ ಒಟ್ಟಿಗೆ ಉಣ್ಣುತ್ತೇವೆ. ಮನೆಯವರೇ ಬಡಿಸಬೇಕು, ರೊಟ್ಟಿ ಬಡಿಯುವ ಸಪ್ಪಳ ಕೇಳಬೇಕು. ಹುಡುಕಿ ಹುಡುಕಿ ಅಂಥದೊಂದು ಖಾನಾವಳಿಗೆ ಒಗ್ಗಿಕೊಂಡೆವು. ಗೋಧಿಯ ಗ್ಲುಟೆನ್ ಜೋಳದಲ್ಲಿಲ್ಲ. ಕುದಿನೀರಿಗೆ ಪಿಷ್ಟ ಉಬ್ಬಿ ಅಂಟಾಗುವುದರಿಂದಲೇ ಹಿಟ್ಟು ಕೂಡಿಕೊಳ್ಳುತ್ತದೆ. (ವಿಜ್ಞಾನದ ಮಾಸ್ತರನ ಚಟ, ಊಟದಲ್ಲೂ ಪಾಠ!)

ಹೆಂಡತಿ ತೀರಿಕೊಂಡ ಮೇಲೆ ನಮ್ಮಲ್ಲೊಬ್ಬ ಮೂರು ತಿಂಗಳು ಬರಲಿಲ್ಲ. ಕರೆದರೆ ನೋವಾದೀತೆಂದು ನಾವೂ ಸುಮ್ಮನಿದ್ದೆವು. ಖಾನಾವಳಿಯ ಅಕ್ಕನೇ ಒಂದು ದಿನ, "ಇನ್ನೊಬ್ಬರು ಸರ್ ಯಾಕ ಬರವಲ್ರು? ಕರಕೊಂಡ ಬರ್ರಿ" ಎಂದರು. ನಾಚಿಕೆಯಾಯಿತು. ಮುಂದಿನ ಶನಿವಾರದವರೆಗೂ ಕಾಯದೆ ಮರುದಿನವೇ ಅವನ ಮನೆಗೆ ಹೋದೆವು.

ಆ ರಾತ್ರಿ ಆತ ಹೆಚ್ಚು ಮಾತಾಡಲಿಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಂದವು. ಅಕ್ಕ ಕೇಳದೆಯೇ ಮೊಸರು ಹಾಕಿದರು. ಎರಡನೆಯ ರೊಟ್ಟಿಗೆ ಅವನೇ ಕೈ ಚಾಚಿದ.